ಹೆಸರು ಹೊಡೆದು ಹಾಕೋ ಮುಂಚೆ: ಹೆಡ್‌ಮಾಸ್ಟ್ರುಗಳಿಗೆ ಒಂದು ಬಹಿರಂಗ ಪತ್ರ

ಮುಂಬಯಿ, ಥಾಣೆ, ನವಿಮುಂಬಯಿ ಕಡೆಯ ಶಾಲೆಗಳ ಹೆಡ್‌ಮಾಸ್ಟ್ರುಗಳಿಗೆ, ಪ್ರಿನ್ಸಿಪಾಲ್ ಮೇಡಂಗಳಿಗೆ, ಮತ್ತೆ ಶಾಲೆ ನಡೆಸ್ತಾ ಇರೋ ನಮ್ಮ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ,

ನಮಸ್ಕಾರ.

ಹೋದ ವರ್ಷ ದೀಪಾವಳಿ ಕಳೆದು ಎರಡು ವಾರ ಆಗಿರಬೇಕು. ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗ್ ಹಿಂದೆ ಟವರ್ ಕಟ್ತಾ ಇದ್ದಾರೆ, ಆ ಸೈಟಿಂದ ಒಬ್ಬ ಹೆಣ್ಮಗಳು ತನ್ನ ಒಂಬತ್ತು ವರ್ಷದ ಮಗಳ ಕೈ ಹಿಡ್ಕೊಂಡು ಹತ್ತಿರದ ಶಾಲೆಗೆ ಹೋಗಿದ್ಲು. ಯಾದಗಿರಿ ಕಡೆಯವ್ರು. ಮಗು ಊರಿನ ಸರ್ಕಾರಿ ಶಾಲೆಯಲ್ಲಿ ಮೂರನೇ ಕ್ಲಾಸು. ಗೇಟಲ್ಲೇ ಕೇಳಿದ್ರಂತೆ, ಎಲ್‌ಸಿ ಎಲ್ಲಿ, ಆಧಾರ್ ಎಲ್ಲಿ, ವರ್ಷದ ನಡುವೆ ಯಾಕೆ ಬಂದ್ರಿ, ಜೂನಲ್ಲಿ ಬನ್ನಿ. ಎಲ್‌ಸಿ ಅಂದ್ರೆ ಏನು ಅಂತ ಆ ತಾಯಿಗೆ ಗೊತ್ತಾಗಿಲ್ಲ, ಕರ್ನಾಟಕದಲ್ಲಿ ಅದನ್ನ ಟಿಸಿ ಅಂತಾರೆ ನೋಡಿ. ಇನ್ನು ಜೂನ್ ಹೊತ್ತಿಗೆ ಅವ್ರು ಇಲ್ಲಿ ಇರೋದೇ ಇಲ್ಲ, ಬಿತ್ತನೆಗೆ ಊರಿಗೆ ವಾಪಸ್ ಹೋಗಿರ್ತಾರೆ. ಅವತ್ತು ಸಂಜೆ ನಾನು ವಾಕಿಂಗ್ ಹೋದಾಗ ಆ ಹುಡುಗಿ ಮರಳಿನ ರಾಶಿ ಮೇಲೆ ಕೂತು ತಮ್ಮನ್ನ ಆಡಿಸ್ತಾ ಕನ್ನಡದಲ್ಲಿ ಮಗ್ಗಿ ಹೇಳ್ತಾ ಇತ್ತು. ಎರಡರದ್ದು ಆಯ್ತು, ಮೂರರದ್ದು ಆಯ್ತು, ನಾಲ್ಕರದ್ದು ಅರ್ಧಕ್ಕೆ ನಿಂತು ಹೋಯ್ತು. ಕನ್ನಡ ಕೇಳಿ ಹತ್ರ ಹೋಗಿ ಯಾಕಮ್ಮ ನಿಲ್ಲಿಸ್ದೆ ಅಂದೆ. "ಮುಂದಿಂದು ಬರಂಗಿಲ್ಲ ತಾತ, ಅಷ್ಟರಾಗ ನಾವು ಗುಳೆ ಬಂದ್ವಿ" ಅಂತು.

ಆ ಮಾತು ಕೇಳಿದ ಮೇಲೆ ಸುಮ್ನೆ ಇರೋಕೆ ಆಗ್ಲಿಲ್ಲ. ನಾನು ರಿಟೈರ್ ಆಗಿ ಹತ್ತು ವರ್ಷದ ಮೇಲಾಯ್ತು. ಹಗಲು ಒಂದು ಶಾಲೆ, ಸಂಜೆ ಫೋರ್ಟ್ ಕಡೆ ಒಂದು ಕನ್ನಡ ರಾತ್ರಿ ಶಾಲೆ, ಹೀಗೆ ಮೂವತ್ತು ವರ್ಷಕ್ಕಿಂತ ಹೆಚ್ಚು ಪಾಠ ಮಾಡಿದೀನಿ, ಕೊನೆಯಲ್ಲಿ ರಾತ್ರಿ ಶಾಲೆಗೆ ಹೆಡ್‌ಮಾಸ್ಟ್ರೂ ಆಗಿದ್ದೆ. ನೀವು ಈಗ ಕೂತಿರೋ ಕುರ್ಚಿಯಲ್ಲಿ ಕೂತಿದ್ದವನು, ಅದಕ್ಕೇ ನೇರವಾಗಿ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಆ ರಾತ್ರಿ ಶಾಲೆಗೆ ನಾನು ಮೊದಲು ಕಾಲಿಟ್ಟಿದ್ದು ಮಾಸ್ಟ್ರಾಗಿ ಅಲ್ಲ, ಹೋಟೆಲ್ ಮಾಣಿಯಾಗಿ. ಕುಂದಾಪುರದ ಹತ್ರ ಒಂದು ಹಳ್ಳಿ ನಮ್ದು, ಏಳನೇ ಕ್ಲಾಸು ಮುಗಿಸಿ 1967ರಲ್ಲಿ ಮುಂಬಯಿ ಬಸ್ಸು ಹತ್ತಿದಾಗ ನನಗೆ ಹದಿಮೂರು ವರ್ಷ. ಬೋರಾಬಜಾರ್ ಹತ್ರ ಒಂದು ಹೋಟೆಲಲ್ಲಿ ಕಪ್ಪು ಬಸಿ ತೊಳೆಯೋ ಕೆಲಸ. ಬೆಳಿಗ್ಗೆ ಐದಕ್ಕೆ ಏಳ್ಬೇಕು, ರಾತ್ರಿ ಬೆಂಚು ಜೋಡಿಸಿ ಅಲ್ಲೇ ಮಲಗ್ಬೇಕು. ನಮ್ಮಂಥವ್ರಿಗೆ ಅಂತಾನೇ ಊರಿನವ್ರು ರಾತ್ರಿ ಶಾಲೆ ಮಾಡಿದ್ರು, ಇದು ಸಣ್ಣ ಚರಿತ್ರೆ ಅಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಸ್ವಾತಂತ್ರ್ಯ ಬರೋಕೆ ನಲವತ್ತೈದು ವರ್ಷ ಮುಂಚೆ. ಮೊಗವೀರರು, ಬಿಲ್ಲವರು, ಬಂಟರು, ಹೀಗೆ ಒಂದೊಂದು ಸಮಾಜದವ್ರು ಹೋಟೆಲು, ಬಂದರು, ಆಫೀಸು ಕ್ಯಾಂಟೀನಲ್ಲಿ ದುಡಿಯೋ ಹುಡುಗರಿಗೆ ರಾತ್ರಿ ಶಾಲೆ ನಡೆಸಿದ್ರು. ಫೀಸಿಲ್ಲ, ಪುಸ್ತಕ ಅವ್ರದ್ದೇ. ಅಲ್ಲಿ ಓದಿದವ್ರು ಮುಂದೆ ವಕೀಲರಾದ್ರು, ಬ್ಯಾಂಕಿಗೆ ಸೇರಿದ್ರು, ಸ್ವಂತ ಹೋಟೆಲ್ ಹಾಕಿದ್ರು. ಇವತ್ತು ನಿಮ್ಮ ಸಂಘಗಳ ವೇದಿಕೆ ಮೇಲೆ ಶಾಲು ಹೊದ್ದು ಕೂರೋ ಎಷ್ಟೋ ಹಿರಿಯರು ಆ ಬೆಂಚಿಂದಾನೇ ಎದ್ದು ಬಂದವ್ರು.

ಆದ್ರೆ ನಾನು ಹೇಳ್ಬೇಕು ಅಂತಿರೋದು ಟೈಮ್‌ಟೇಬಲ್ ವಿಷಯ.

ಶಾಲೆ ಶುರು ಆಗ್ತಿದ್ದದ್ದು ಆರೂವರೆಗೆ, ಮೊದಲನೇ ಪೀರಿಯಡ್ ಗಣಿತ, ಎರಡನೇದು ಇಂಗ್ಲಿಷ್. ಫೋರ್ಟಲ್ಲಿ ಆಫೀಸು ಬಿಡೋದು ಐದೂವರೆ ಆರಕ್ಕೆ, ಆವಾಗ್ಲೇ ಹೋಟೆಲಲ್ಲಿ ದಿನದ ದೊಡ್ಡ ರಶ್ಶು, ಲೋಕಲ್ ಹಿಡಿಯೋ ಮುಂಚೆ ಎಲ್ರಿಗೂ ಒಂದು ಚಾ ಬೇಕು. ಏಳು ದಾಟಿದ ಮೇಲೆ ಬೀದಿ ಖಾಲಿ. ಹಾಗಾಗಿ ನಮಗೆ ಬಿಡುಗಡೆ ಏಳಕ್ಕೇನೇ, ಓಡ್ಕೊಂಡು ಹೋದ್ರೂ ಏಳೂಕಾಲು. ದಿನಾ ಗಣಿತ ತಪ್ಪಿ ಹೋಗೋದು, ಅರ್ಧ ಇಂಗ್ಲಿಷೂ ಹೋಗೋದು, ಪರೀಕ್ಷೆಯಲ್ಲಿ ಆ ಎರಡರಲ್ಲೇ ಎಲ್ರೂ ಫೇಲು. ಮಾಸ್ಟ್ರುಗಳು ನಾವು ದಡ್ಡರು ಅಂದ್ಕೊಂಡಿದ್ರು, ನಾವೂ ಹಾಗೇ ಅಂದ್ಕೊಂಡಿದ್ವಿ.

ಮರುವರ್ಷ ಹೊಸ ಹೆಡ್‌ಮಾಸ್ಟ್ರು ಬಂದ್ರು. ಅವ್ರು ಬಂದ ವಾರ ಮಾಡಿದ ಕೆಲಸ ಅಂದ್ರೆ, ಸಂಜೆ ಹೊತ್ತು ಒಂದೊಂದೇ ಹೋಟೆಲಿಗೆ ಹೋಗಿ ಕೂತು ಚಾ ಕುಡಿದ್ರು. ನಮ್ಮ ಹೋಟೆಲಿಗೂ ಬಂದ್ರು, ಮೂಲೆ ಟೇಬಲಲ್ಲಿ ಕೂತು ಗಡಿಯಾರ ನೋಡ್ತಾ ನೋಡ್ತಾ ನಾನು ಪಾತ್ರೆ ತೊಳೆಯೋ ಮೋರಿ ಬಿಟ್ಟು ಯಾವಾಗ ಏಳ್ತೀನಿ ಅಂತ ನೋಡಿದ್ರು. ಗಲ್ಲಾದಲ್ಲಿದ್ದ ಧನಿಗಳ ಹತ್ರ ಬೇಗ ಬಿಡಿ ಅಂತ ಕೇಳ್ಲಿಲ್ಲ, ಕೇಳಿದ್ರೂ ಬಿಡ್ತಿರಲಿಲ್ಲ, ಅದು ಅವ್ರ ವ್ಯಾಪಾರದ ಹೊತ್ತು. ಮುಂದಿನ ಸೋಮವಾರ ನೋಡಿದ್ರೆ ಬೋರ್ಡಿನ ಮೇಲೆ ಬೇರೆ ಟೈಮ್‌ಟೇಬಲು. ಆರೂವರೆಯಿಂದ ಏಳೂವರೆ ತನಕ ಓದು, ಚಿತ್ರ, ಪೇಪರ್ ಓದೋದು, ಬಂದವ್ರು ಬಂದ ಹಾಗೆ. ಏಳೂವರೆಗೆ ಗಣಿತ. ಅದಾದ ಮೇಲೆ ಇಂಗ್ಲಿಷ್. ಬಿಡೋದು ಒಂಬತ್ತೂ ಮುಕ್ಕಾಲಿಗೆ. ಮೇಜಿನ ಮೇಲೆ ಒಂದು ಟವೆಲು, ಒಂದು ಬಾಟ್ಲಿ ತೆಂಗಿನೆಣ್ಣೆ ಇಟ್ಟಿದ್ರು, ಯಾಕಂದ್ರೆ ಸೋಡಾ ನೀರಲ್ಲಿ ತೊಳೆದು ತೊಳೆದು ನಮ್ಮ ಬೆರಳು ಬೆಂಡಾಗಿ ಸುಲಿದು ಹೋಗಿರ್ತಿತ್ತು, ಪೆನ್ಸಿಲು ಹಿಡಿದ್ರೆ ಉರಿ. ನಾಲ್ಕು ವರ್ಷಕ್ಕೆ, ಅಂದ್ರೆ 1972ರಲ್ಲಿ, ನಾನು ಎಸ್ಸೆಸ್ಸಿ ಪಾಸಾದೆ, ಆಗಿನ್ನೂ ಎಸ್ಸೆಸ್ಸಿ ಅಂದ್ರೆ ಹನ್ನೊಂದನೇ ಕ್ಲಾಸು. ಗಣಿತದಲ್ಲಿ ನನಗೆ 61 ಮಾರ್ಕು. ದಡ್ಡ ಆಗಿದ್ದವನಿಗೆ ಬುದ್ಧಿ ಎಲ್ಲಿಂದ ಬಂತು ಹೇಳಿ, ಪೀರಿಯಡ್ ಒಂದು ಗಂಟೆ ಮುಂದಕ್ಕೆ ಹೋಗಿತ್ತು ಅಷ್ಟೇ.

ಹೆಡ್‌ಮಾಸ್ಟ್ರ ಕೆಲಸ ಏನು ಅಂತ ನನಗೆ ಯಾರಾದ್ರೂ ಕೇಳಿದ್ರೆ ನಾನು ಇವತ್ತಿಗೂ ಮೂಲೆ ಟೇಬಲಲ್ಲಿ ಗಡಿಯಾರ ನೋಡ್ತಾ ಕೂತಿದ್ದ ಅವ್ರನ್ನೇ ತೋರಿಸ್ತೀನಿ.

ಅವ್ರೇ ನಮಗೆ ಪುಣೆಯ ಕತೆ ಹೇಳ್ತಿದ್ದದ್ದು. ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ 1848ರಲ್ಲಿ ಭಿಡೆ ವಾಡಾದಲ್ಲಿ ಹೆಣ್ಣುಮಕ್ಕಳ ಶಾಲೆ ತೆಗೆದದ್ದು ಎಲ್ರಿಗೂ ಗೊತ್ತು, ಜನವರಿ 3ಕ್ಕೆ ನೀವೆಲ್ಲ ಫೋಟೋಗೆ ಹಾರ ಹಾಕ್ತೀರಿ, ಭಾಷಣ ಮಾಡಿಸ್ತೀರಿ. ಸಾವಿತ್ರಿಬಾಯಿ ದಾರಿಯಲ್ಲಿ ಜನ ಸೆಗಣಿ ಕೆಸರು ಎಸೀತಾರೆ ಅಂತ ಚೀಲದಲ್ಲಿ ಇನ್ನೊಂದು ಸೀರೆ ಇಟ್ಕೊಂಡು ಹೋಗ್ತಿದ್ರು ಅನ್ನೋದೂ ಭಾಷಣದಲ್ಲಿ ಬರತ್ತೆ. ಆದ್ರೆ 1855ರಲ್ಲಿ ಅವ್ರಿಬ್ರೂ ಮಾಡಿದ ಇನ್ನೊಂದು ಕೆಲಸ ಭಾಷಣದಲ್ಲಿ ಬರೋದು ಕಮ್ಮಿ. ಹೊಲದಲ್ಲಿ, ಕೂಲಿಯಲ್ಲಿ ಹಗಲೆಲ್ಲ ದುಡಿಯೋ ಹೆಂಗಸರು ಗಂಡಸರು ಹಗಲಿನ ಶಾಲೆಗೆ ಬರೋ ಹಾಗಿಲ್ಲ, ಅವ್ರಿಗೆ ಅಂತ ರಾತ್ರಿ ಶಾಲೆ ಶುರು ಮಾಡಿದ್ರು. ಇಪ್ಪತ್ತೆಂಟು ವರ್ಷದ ಒಬ್ಬ ಗಂಡಸು, ಇಪ್ಪತ್ತನಾಲ್ಕು ವರ್ಷದ ಒಬ್ಬ ಹೆಂಗಸು, ಹಗಲು ಹುಡುಗಿಯರಿಗೆ ಪಾಠ, ರಾತ್ರಿ ಕೂಲಿಯವ್ರಿಗೆ ಪಾಠ. ಮುಂದೆ 1882ರಲ್ಲಿ ಬ್ರಿಟಿಷ್ ಸರ್ಕಾರ ಶಿಕ್ಷಣದ ವಿಚಾರಣೆಗೆ ಅಂತ ಮಾಡಿದ್ದ ಹಂಟರ್ ಆಯೋಗದ ಮುಂದೆ ಫುಲೆ ಲಿಖಿತ ಹೇಳಿಕೆ ಕೊಟ್ಟಾಗ ಮಕ್ಕಳಿಗೆ ಹನ್ನೆರಡು ವರ್ಷದ ತನಕವಾದ್ರೂ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿ ಅಂದ್ರು, ಸರ್ಕಾರದ ಖಜಾನೆ ತುಂಬೋದು ರೈತರ ದುಡಿಮೆಯಿಂದ, ಓದು ಮಾತ್ರ ಮೇಲಿನವ್ರ ಮಕ್ಕಳಿಗೆ ಸಿಗ್ತಿದೆ ಅಂದ್ರು.

ನಮ್ಮ ಕಡೆಯದ್ದೇ ಒಂದು ಉದಾಹರಣೆ ಇದೆ. ಧಾರವಾಡ ಬೆಳಗಾವಿ ಎಲ್ಲಾ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲ, ಅಲ್ಲಿನ ಶಾಲೆಗಳಲ್ಲಿ ಮರಾಠಿದೇ ದರ್ಬಾರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಅರ್ಥ ಆಗದ ಭಾಷೆ, ಮಕ್ಕಳು ಬರೋದೇ ಕಷ್ಟ. ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯ ಒಳಗೇ ಇದ್ಕೊಂಡು ಆ ಮಕ್ಕಳಿಗೆ ಕನ್ನಡ ಶಾಲೆ ಆಗ್ಬೇಕು, ಕನ್ನಡ ಮಾಸ್ಟ್ರುಗಳು ತಯಾರಾಗ್ಬೇಕು ಅಂತ ಜೀವ ತೇಯ್ದ್ರು. ಅವ್ರು ಯಾವ ಚಳವಳಿಯ ಮುಖಂಡರೂ ಅಲ್ಲ, ಸರ್ಕಾರಿ ನೌಕರರು, ನಿಮ್ಮ ಹಾಗೆ ಮೇಲಧಿಕಾರಿಗೆ ಉತ್ತರ ಕೊಡ್ಬೇಕಾದವ್ರು. ಇದನ್ನ ಯಾಕೆ ಹೇಳ್ತೀನಿ ಅಂದ್ರೆ "ನಮ್ಮ ಕೈಲಿ ಏನಿದೆ ಸರ್, ಎಲ್ಲಾ ಮೇಲಿಂದ ಬರತ್ತೆ" ಅನ್ನೋ ಮಾತನ್ನ ನಾನು ನೂರು ಸಲ ಕೇಳಿದೀನಿ, ನಾನೂ ಆಡಿದೀನಿ.

ಇನ್ನೊಂದು, ಇದನ್ನ ನಾನು ಕಣ್ಣಾರೆ ನೋಡಿದ್ದು. ಎಂಬತ್ತರ ದಶಕದ ಕೊನೆಗೆ ನಾವು ನಾಲ್ಕು ಜನ ಮಾಸ್ಟ್ರುಗಳು ದುಡ್ಡು ಹಾಕ್ಕೊಂಡು ಡಹಾಣು ಕಡೆ ಕೋಸಬಾಡ್ ಗುಡ್ಡಕ್ಕೆ ಹೋಗಿದ್ವಿ. ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಇಬ್ರೂ 1945ರಲ್ಲಿ ಬೋರ್ಡಿ ಅನ್ನೋ ಊರಲ್ಲಿ ಹಳ್ಳಿ ಮಕ್ಕಳಿಗೆ ಶಾಲೆ ಶುರು ಮಾಡಿ 1957ರಲ್ಲಿ ಕೋಸಬಾಡಿಗೆ ಹೋದವ್ರು. ವಾರಲಿ ಆದಿವಾಸಿ ಮಕ್ಕಳು ಶಾಲೆಗೆ ಬರ್ತಿರಲಿಲ್ಲ, ಅದಕ್ಕೆ ಇವ್ರೇ ಅವ್ರ ಕೇರಿಗೆ ಹೋಗಿ ಮನೆ ಅಂಗಳದಲ್ಲಿ ಕೂತು ಪಾಠ ಶುರು ಮಾಡಿದ್ರು, ಇವತ್ತು ದೇಶದಲ್ಲೆಲ್ಲಾ ಅಂಗನವಾಡಿ ಅಂತೀವಲ್ಲ, ಆ ಹೆಸರಿನ ಬೇರು ಅಲ್ಲಿದೆ. ದೊಡ್ಡ ಮಕ್ಕಳು ಅಂಗಳಕ್ಕೂ ಬರಲ್ಲ, ಅವ್ರು ದನ ಆಡು ಮೇಯಿಸೋಕೆ ಹೋಗಿರ್ತಾರೆ, ಹಾಗಾದ್ರೆ ನಾವೂ ಹುಲ್ಲುಗಾವಲಿಗೇ ಹೋಗೋಣ ಅಂತ ಹೊರಟ್ರು, ಅದಕ್ಕೆ ಕುರಣಶಾಲೆ ಅಂತ ಹೆಸರು, ಮರಾಠಿಯಲ್ಲಿ ಕುರಣ ಅಂದ್ರೆ ಹುಲ್ಲುಗಾವಲು. ದನ ಒಂದು ಕಡೆ ಮೇಯ್ತಾ ಇರತ್ತೆ, ಮಕ್ಕಳು ಬೆಣಚುಕಲ್ಲು, ಎಲೆ, ಬೀಜ ಇಟ್ಕೊಂಡು ಲೆಕ್ಕ ಮಾಡ್ತಾ ಇರ್ತಾರೆ. ವಾಪಸ್ ಬರೋವಾಗ ರೈಲಲ್ಲಿ ನಾವು ನಾಲ್ಕೂ ಜನ ಮಾತೇ ಆಡ್ಲಿಲ್ಲ. ನನ್ನ ತಲೆಯಲ್ಲಿ ಒಬ್ಬ ಹುಡುಗ ಕೂತಿದ್ದ.

ಅವನ ವಿಷಯ ಬರೀಲೇಬೇಕು. 1982ರ ಜನವರಿ 18ಕ್ಕೆ ಮುಂಬಯಿಯ ಬಟ್ಟೆ ಗಿರಣಿ ಮುಷ್ಕರ ಶುರುವಾಯ್ತು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ನಾನು ಆಗ ರಾತ್ರಿ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿಗೆ ಕ್ಲಾಸ್‌ಟೀಚರು. ಲಾಲಬಾಗಲ್ಲಿ ಒಂದು ಸಣ್ಣ ಹೋಟೆಲಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಹುಡುಗ, ಕಾರ್ಕಳದ ಕಡೆಯವನು, ಚಿಂಚ್‌ಪೋಕಳಿಯಿಂದ ಲೋಕಲಲ್ಲಿ ಬರ್ತಿದ್ದ, ಕನ್ನಡದ ಅಕ್ಷರ ಮುತ್ತು ಪೋಣಿಸಿದ ಹಾಗೆ. ಗಿರಣಿಯವ್ರೇ ಆ ಹೋಟೆಲಿನ ಗಿರಾಕಿಗಳು, ಸಂಬಳ ನಿಂತಿತು, ಹೋಟೆಲಿನ ಉದ್ರಿ ಪುಸ್ತಕ ತುಂಬಿತು, ಕಡೆಗೆ ಧನಿ ಹುಡುಗರನ್ನ ಬಿಡಿಸಿದ. ಇದ್ಯಾವುದೂ ನನಗೆ ಆಗ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಸಾಲಾಗಿ ಗೈರುಹಾಜರು. ಹದಿನೈದು ದಿನ ಬರ್ಲಿಲ್ಲ ಅಂದ್ರೆ ಹೆಸರು ತೆಗೆಯೋದು ನಮ್ಮಲ್ಲಿ ವಾಡಿಕೆ, ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಒಂದು ನಿಮಿಷದ ಕೆಲಸ.

ಎಂಟು ತಿಂಗಳಾದ ಮೇಲೆ ಅವನು ಊರಿಂದ ವಾಪಸ್ ಬಂದು ಬೇರೆ ಕಡೆ ಕೆಲಸ ಹಿಡಿದು ಶಾಲೆಗೆ ಬಂದನಂತೆ. ನಾನು ಅವತ್ತು ರಜೆ. ಆಫೀಸಲ್ಲಿ ಪುಸ್ತಕ ನೋಡಿ ನಿನ್ನ ಹೆಸರಿಲ್ಲ ಅಂದಿದ್ದಾರೆ. ಹೊಸದಾಗಿ ಅರ್ಜಿ ಹಾಕ್ಬೇಕು, ಜೂನಲ್ಲಿ ಬಾ ಅಂದಿದ್ದಾರೆ. ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದು ಹೋದ ಅಂತ ಅವನ ಜೊತೆಯವನೊಬ್ಬ ಆಮೇಲೆ ಹೇಳಿದ. ನಾನು ಹುಡುಕಿದೆ, ಲಾಲಬಾಗಿಗೆ ಹೋದೆ, ಪರೇಲಿಗೆ ಹೋದೆ, ಸಿಗ್ಲಿಲ್ಲ. ಇವತ್ತಿನ ತನಕ ಸಿಕ್ಕಿಲ್ಲ. ನನ್ನ ಶಾಲೆಯ ಮೆಟ್ಟಿಲಿಂದ ಎದ್ದು ಹೋದ ಆ ಹುಡುಗನಿಗೆ ಈಗ ಅರವತ್ತರ ಹತ್ರ ವಯಸ್ಸಾಗಿರಬೇಕು. ಅವನು ಎಲ್ಲೋ ಇದನ್ನ ಓದ್ತಾ ಇದ್ರೆ, ಮಗಾ, ತಪ್ಪು ನಂದು, ನಿನ್ನದಲ್ಲ.

ನನಗೇ ಗಡಿಯಾರ ನೋಡಿ ಟೈಮ್‌ಟೇಬಲ್ ಬದಲಾಯಿಸಿ ಕೊಟ್ಟಿದ್ರು, ಹದಿನಾಲ್ಕು ವರ್ಷ ಆಗಿತ್ತೋ ಇಲ್ವೋ, ನಾನು ಅದೇ ಶಾಲೆಯಲ್ಲಿ ಕೆಂಪು ಗೆರೆ ಎಳೆದೆ. ಕುರ್ಚಿ ಬದಲಾದ್ರೆ ನೆನಪು ಇಷ್ಟು ಬೇಗ ಹೋಗತ್ತೆ ಅಂತ ನನಗೆ ಗೊತ್ತಿರಲಿಲ್ಲ. ಆ ಮೇಲೆ ನಾನು ಹೆಡ್‌ಮಾಸ್ಟ್ರಾದಾಗ ಒಂದೇ ನಿಯಮ ಮಾಡ್ಕೊಂಡೆ, ಮೂರು ದಿನ ಬರ್ಲಿಲ್ಲ ಅಂದ್ರೆ ಯಾರಾದ್ರೂ ಒಬ್ರು ಹೋಗಿ ನೋಡ್ಬೇಕು, ನೋಡಿ ಬಂದವ್ರು ಏನು ಕಂಡ್ರು ಅಂತ ಒಂದು ನೋಟ್‌ಬುಕ್ಕಲ್ಲಿ ಬರೀಬೇಕು, ಆ ಬರವಣಿಗೆ ಇಲ್ದೆ ಯಾವ ಹೆಸರಿಗೂ ಗೆರೆ ಇಲ್ಲ. ಹೆಚ್ಚಿನ ಸಲ ಕಾರಣ ಸಣ್ಣದೇ ಇರ್ತಿತ್ತು, ಮೈ ಹುಷಾರಿಲ್ಲ, ಧನಿ ಬದಲಾದ್ರು, ಚಪ್ಪಲಿ ಕಳೀತು, ಒಬ್ಬನಿಗೆ ಬರೀ ಕನ್ನಡಕ ಬೇಕಾಗಿತ್ತು.

ಹಾಗಂತ ಆ ಕಾಲಾನೇ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ಹದಿಮೂರು ವರ್ಷದ ಮಗು ದಿನಕ್ಕೆ ಹದಿನಾಲ್ಕು ಗಂಟೆ ಪಾತ್ರೆ ತೊಳೆದು ರಾತ್ರಿ ಶಾಲೆಗೆ ಬರೋದು ಹೆಮ್ಮೆಯ ವಿಷಯ ಅಲ್ಲವೇ ಅಲ್ಲ. 2006ರ ಅಕ್ಟೋಬರ್ 10ರಿಂದ ಹೋಟೆಲು, ಧಾಬಾ, ಮನೆಕೆಲಸದಲ್ಲಿ ಹದಿನಾಲ್ಕರ ಕೆಳಗಿನ ಮಕ್ಕಳನ್ನ ಇಟ್ಕೊಳ್ಳೋ ಹಾಗಿಲ್ಲ ಅಂತ ಆಯ್ತು, 2016ರಲ್ಲಿ ಕಾನೂನು ಇನ್ನೂ ಬಿಗಿ ಆಯ್ತು. ನಮ್ಮ ರಾತ್ರಿ ಶಾಲೆಗೆ ಬರೋ ಸಣ್ಣ ಹುಡುಗರು ಕಮ್ಮಿ ಆದ್ರು, ಕೆಲವ್ರು ಬೇಜಾರು ಮಾಡ್ಕೊಂಡ್ರು, ನನಗಂತೂ ಸಂತೋಷಾನೇ ಆಯ್ತು. ಆ ಮಕ್ಕಳು ಹಗಲಿನ ಶಾಲೆಗೆ ಬರ್ಬೇಕಿತ್ತು. ಹಗಲಿನ ಶಾಲೆ ಅವ್ರಿಗೆ ಬಾಗಿಲು ತೆಗೀಬೇಕಿತ್ತು.

ಬಾಗಿಲು ತೆಗೀಲೇಬೇಕು ಅಂತ ಕಾನೂನಿದೆ ಅನ್ನೋದು ನಿಮಗೆ ಗೊತ್ತಿಲ್ಲದ್ದೇನಲ್ಲ, ಆದ್ರೂ ಬರೀತೀನಿ, ಯಾಕಂದ್ರೆ ಗೇಟಲ್ಲಿ ನಿಂತಿರೋ ವಾಚ್‌ಮನ್ನಿಗೆ, ಆಫೀಸಿನ ಕ್ಲರ್ಕಿಗೆ ಇದನ್ನ ಯಾರೂ ಹೇಳಿರಲ್ಲ. ಗೋಪಾಲಕೃಷ್ಣ ಗೋಖಲೆ ಪ್ರಾಥಮಿಕ ಶಿಕ್ಷಣ ಕಡ್ಡಾಯ ಆಗೋ ಹಾಗೆ ಮಸೂದೆ ತಂದದ್ದು 1911ರಲ್ಲಿ, ದುಡ್ಡೆಲ್ಲಿ, ಹೊಲಕ್ಕೆ ಆಳೆಲ್ಲಿ, ಜನಕ್ಕೇ ಬೇಡ ಅಂತೆಲ್ಲ ವಾದ ಮಾಡಿ 1912ರಲ್ಲಿ 38ಕ್ಕೆ 13 ಮತದಿಂದ ಅದನ್ನ ಬೀಳಿಸಿದ್ರು. 1918ರಲ್ಲಿ ವಿಠ್ಠಲಭಾಯಿ ಪಟೇಲರು ಮುಂಬಯಿ ಪ್ರಾಂತ್ಯದ ಮುನ್ಸಿಪಾಲಿಟಿಗಳಿಗೆ ಅಂತ ಒಂದು ಕಾನೂನು ತಂದ್ರು. ದೇಶದಲ್ಲಿ ಅದು ಮಕ್ಕಳ ಹಕ್ಕಾಗಿ, ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಅಂತ ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ, ಅಂದ್ರೆ ಗೋಖಲೆ ಸೋತು 98 ವರ್ಷ ಆದ ಮೇಲೆ. ಅಷ್ಟು ಕಾದು ಬಂದ ಆ ಕಾನೂನಿನ 14ನೇ ಸೆಕ್ಷನ್ ಹೇಳತ್ತೆ, ವಯಸ್ಸಿನ ದಾಖಲೆ ಇಲ್ಲ ಅಂತ ಯಾವ ಮಗುಗೂ ಅಡ್ಮಿಷನ್ ನಿರಾಕರಿಸೋ ಹಾಗಿಲ್ಲ. 5ನೇದು ಹೇಳತ್ತೆ, ಹಳೇ ಶಾಲೆಯ ಸರ್ಟಿಫಿಕೇಟ್ ಬರೋದು ತಡ ಆಯ್ತು ಅಂತ ಸೇರಿಸ್ಕೊಳ್ದೇ ಇರೋ ಹಾಗಿಲ್ಲ, ಆ ಸರ್ಟಿಫಿಕೇಟ್ ಕೊಡೋದಕ್ಕೆ ತಡ ಮಾಡಿದ ಹೆಡ್‌ಮಾಸ್ಟ್ರ ಮೇಲೆ ಶಿಸ್ತು ಕ್ರಮ. 15ನೇದು, ವರ್ಷದ ನಡುವೆ ಬಂದ್ರೂ ಸೇರಿಸ್ಕೋಬೇಕು. 4ನೇದು, ವಯಸ್ಸಿಗೆ ತಕ್ಕ ಕ್ಲಾಸಲ್ಲಿ ಕೂರಿಸಿ ಹಿಂದೆ ಬಿದ್ದದ್ದನ್ನ ವಿಶೇಷ ಪಾಠದಿಂದ ತುಂಬಬೇಕು. 9ನೇದರಲ್ಲಿ ವಲಸೆ ಬಂದವ್ರ ಮಕ್ಕಳಿಗೆ ಶಾಲೆ ಸಿಗೋ ಹಾಗೆ ನೋಡ್ಕೊಳ್ಳೋದು ಸ್ಥಳೀಯ ಆಡಳಿತದ ಕೆಲಸ ಅಂತ ಬಿಡಿಸಿ ಬರೆದಿದೆ. ಡೊಂಬಿವಲಿ ಗೇಟಲ್ಲಿ ಆ ತಾಯಿಗೆ ಕೇಳಿದ ಮೂರೂ ಪ್ರಶ್ನೆಗೆ ಉತ್ತರ ಇಲ್ಲಿದೆ.

ನಾನು ಇದನ್ನೆಲ್ಲ ಪ್ರಿಂಟ್ ತೆಗೆದು ಆ ಹುಡುಗಿಯನ್ನ ಕರ್ಕೊಂಡು ಶಾಲೆಗೆ ಹೋದೆ. ಮೊದಲ ಸಲ ಹೆಡ್‌ಮಿಸ್ಸು ಮೀಟಿಂಗಲ್ಲಿ. ಎರಡನೇ ಸಲ ಸಿಕ್ಕಿದ್ರು, ಚೇರು ಕೊಟ್ರು, ಕಂಪ್ಯೂಟರ್ ತಿರುಗಿಸಿ ತೋರಿಸಿದ್ರು, ನೋಡಿ ಸರ್ ಆಧಾರ್ ನಂಬರ್ ಹಾಕ್ದೆ ಮಕ್ಕಳ ಹೆಸರು ಹಾಕೋ ಸರ್ಕಾರಿ ಪೋರ್ಟಲ್ಲು ಮುಂದಕ್ಕೆ ಹೋಗಲ್ಲ, ಪೋರ್ಟಲ್ಲಲ್ಲಿ ಇಲ್ದಿರೋ ಮಗು ಕ್ಲಾಸಲ್ಲಿ ಕೂತ್ರೆ ನಾಳೆ ಇನ್ಸ್‌ಪೆಕ್ಷನ್ನಲ್ಲಿ ನನ್ನ ಕೇಳ್ತಾರೆ, ಮಗುಗೆ ಏನಾದ್ರೂ ಆದ್ರೆ ನಾನೇ ಜವಾಬ್ದಾರಿ ಅಂದ್ರು. ಅವ್ರು ಕೆಟ್ಟವ್ರಲ್ಲ. ಇಬ್ರು ಟೀಚರು ಚುನಾವಣೆ ಡ್ಯೂಟಿಗೆ ಹೋಗಿದ್ರು, ಅವ್ರೇ ಎರಡು ಕ್ಲಾಸು ಒಟ್ಟಿಗೆ ನೋಡ್ಕೊಳ್ತಾ ಇದ್ರು. ಅವ್ರ ಕಷ್ಟ ನನಗೆ ಅರ್ಥ ಆಗತ್ತೆ, ನನ್ನ ಕಾಲದಲ್ಲಿ ಪೋರ್ಟಲ್ ಇರಲಿಲ್ಲ, ಕೆಂಪು ಶಾಯಿ ಇತ್ತು. ನಾನು ಕೇಳಿದ್ದು ಒಂದೇ, ಮೇಡಂ, ಪೋರ್ಟಲ್ ಕೆಲಸ ಅದರ ಪಾಡಿಗೆ ನಡೀಲಿ, ಮಗು ನಾಳೆಯಿಂದ ಕ್ಲಾಸಲ್ಲಿ ಕೂರಲಿ, ನಾನು ಒಂದು ಅರ್ಜಿ ಬರೆದು ಕೊಡ್ತೀನಿ, ನೀವು ಅದನ್ನ ಶಿಕ್ಷಣ ಇಲಾಖೆಯ ಬೀಟ್ ಆಫೀಸರಿಗೆ ಕಳಿಸಿ. ಮೂರನೇ ಸಲ ಹೋದಾಗ ಒಪ್ಕೊಂಡ್ರು. ಅಷ್ಟೊತ್ತಿಗೆ ಜನವರಿ ಬಂದಿತ್ತು, ಎರಡು ತಿಂಗಳು ಆ ಮಗು ಮರಳ ರಾಶಿ ಮೇಲೇ ಕಳೆದಿತ್ತು.

ಶಾಲೆ ಮರಾಠಿ ಮಾಧ್ಯಮ. ಪುಣ್ಯಕ್ಕೆ ಅಲ್ಲಿ ಸೋಲಾಪುರದ ಕಡೆಯ ಒಬ್ರು ಟೀಚರ್ ಇದ್ರು, ಸೋಲಾಪುರ ಅಕ್ಕಲಕೋಟೆ ಕಡೆಯ ಎಷ್ಟೋ ಜನಕ್ಕೆ ಕನ್ನಡ ಮನೆಮಾತೇ ಆಗಿರತ್ತಲ್ಲ. ಮೊದಲ ದಿನ ಆ ಟೀಚರು ಹುಡುಗಿ ಹತ್ರ ಬಂದು "ಊಟ ಆತೇನವ್ವ" ಅಂದ್ರಂತೆ, ಆ ಹುಡುಗಿ ಮನೆಗೆ ಬಂದು ಇದನ್ನ ಎಷ್ಟು ಸಲ ಹೇಳಿತೋ. ಮೂರು ವಾರದಲ್ಲಿ ಮರಾಠಿಯಲ್ಲಿ ನೂರರ ತನಕ ಎಣಿಸ್ತಿತ್ತು. ಮಾರ್ಚ್ ಕೊನೆಗೆ, ಯುಗಾದಿಗೆ, ಊರಿಗೆ ಹೊರಟಾಗ ಆ ಟೀಚರು ಒಂದು ಹಾಳೆಯಲ್ಲಿ ಏನೇನು ಕಲಿತಿದ್ದಾಳೆ, ಎಲ್ಲಿ ನಿಂತಿದೆ ಅಂತ ಕೈಯಲ್ಲೇ ಬರೆದು ಕೊಟ್ರು. ನಾನು ಯಾದಗಿರಿ ಕಡೆಯ ಅವಳ ಶಾಲೆಯ ಹೆಡ್‌ಮಾಸ್ಟ್ರಿಗೆ ಫೋನ್ ಮಾಡಿ ಅದನ್ನ ಓದಿ ಹೇಳಿದೆ. ಮುಂಬಯಿಯಿಂದ ಯಾರೋ ಮಾಸ್ಟ್ರು ಫೋನ್ ಮಾಡ್ತಾರೆ ಅಂತ ಅವ್ರಿಗೆ ಆಶ್ಚರ್ಯ, ನಮ್ಮ ಶಾಲೆಯಿಂದ ದೀಪಾವಳಿಗೆ ಎಷ್ಟು ಮಕ್ಕಳು ಹೋಗ್ತಾವೆ ಸರ್, ಎಲ್ಲಿ ಹೋಗ್ತಾವೆ ಅಂತಾನೇ ನಮಗೆ ಗೊತ್ತಿರಲ್ಲ ಅಂದ್ರು. ನೋಡಿ, ಆ ಕಡೆ ಒಬ್ರು ಹೆಡ್‌ಮಾಸ್ಟ್ರು ಮಕ್ಕಳು ಎಲ್ಲಿ ಹೋದ್ರು ಅಂತಿದ್ದಾರೆ, ಈ ಕಡೆ ಒಬ್ರು ಹೆಡ್‌ಮಿಸ್ಸು ಮಕ್ಕಳು ಎಲ್ಲಿಂದ ಬಂದ್ರು ಅಂತಿದ್ದಾರೆ, ನಡುವೆ ಒಂದು ಫೋನಿನ ದೂರ. ಯಾವ ಎಲ್‌ಸಿಯೂ ಹೇಳದಷ್ಟು ವಿಷಯ ಐದು ನಿಮಿಷದ ಫೋನಲ್ಲಿ ಗೊತ್ತಾಗತ್ತೆ. ಬೇರೆ ರಾಜ್ಯದಿಂದ, ಬೇರೆ ಜಿಲ್ಲೆಯಿಂದ ಬಂದ ಮಗುಗೆ ದಾಖಲೆ ಕೇಳೋ ಮುಂಚೆ ಊರಿನ ಹೆಸರು ಕೇಳಿ, ಆ ಶಾಲೆಗೆ ನೀವೇ ಫೋನ್ ಮಾಡಿ.

ಇನ್ನು ನಮ್ಮ ಕನ್ನಡ ಸಂಘಗಳಿಗೆ, ಸಲುಗೆಯಿಂದ ಹೇಳ್ತೀನಿ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಯಲ್ಲಿ ಶಾಲೆ ನಡೆಸಿದ ಊರು, ಅದ್ರಲ್ಲಿ ಕನ್ನಡವೂ ಒಂದು, ಇಂಥ ಊರು ದೇಶದಲ್ಲಿ ಇನ್ನೆಲ್ಲಿದೆ. ಆ ಕನ್ನಡ ಕ್ಲಾಸುಗಳು ಮಕ್ಕಳಿಲ್ಲ ಅಂತ ಒಂದೊಂದಾಗಿ ಖಾಲಿ ಆಗಿದ್ದನ್ನ ನಾನು ನೋಡಿದೀನಿ, ನಮ್ಮ ಸಭೆಗಳಲ್ಲಿ ಅದರ ಬಗ್ಗೆ ಕಣ್ಣೀರು ಹಾಕೋದನ್ನೂ ನೋಡಿದೀನಿ. ಕನ್ನಡ ಮಾತಾಡೋ ಮಕ್ಕಳು ಎಲ್ಲಿದ್ದಾರೆ ಅಂತ ಯಾರಾದ್ರೂ ಹುಡುಕಿದ್ರಾ. ಹೋಟೆಲಿನವ್ರ, ಬ್ಯಾಂಕಿನವ್ರ ಮೊಮ್ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದ್ರು, ಅದು ಅವ್ರ ಇಷ್ಟ. ಆದ್ರೆ ಪನ್ವೇಲ್, ತಳೋಜಾ, ಕಲ್ಯಾಣ್, ಘೋಡಬಂದರ್ ರೋಡಿನ ಸೈಟುಗಳಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಮಕ್ಕಳಿದ್ದಾರೆ, ಬರೀ ಕನ್ನಡವೇ ಬರೋ ಮಕ್ಕಳು, ಅವ್ರಿಗೆ ಶಾಲೆಯೇ ಇಲ್ಲ. ನಮ್ಮ ಹಿರಿಯರು ಆ ಕಾಲದಲ್ಲಿ ಹೋಟೆಲ್ ಮೋರಿ ಹತ್ರ ಕೂತಿದ್ದ ಮಕ್ಕಳನ್ನ ಹುಡುಕಿದ್ರು. ಈಗಿನ ಮಕ್ಕಳು ಇಟ್ಟಿಗೆ ರಾಶಿ ಹತ್ರ ಇದ್ದಾರೆ.

ದೊಡ್ಡ ಬಿಲ್ಡಿಂಗು ಕಟ್ಟಿ ಅಂತ ನಾನು ಕೇಳ್ತಿಲ್ಲ. ಮುಂಬಯಿಯಲ್ಲಿ 1988ರಲ್ಲಿ ಡೋರ್‌ಸ್ಟೆಪ್ ಸ್ಕೂಲ್ ಅನ್ನೋ ಸಂಸ್ಥೆಯವ್ರು ಶುರು ಮಾಡಿದಾಗ ಮಕ್ಕಳ ಮನೆ ಬಾಗಿಲ ಹತ್ರವೇ ಕ್ಲಾಸು, ಆಮೇಲೆ ಬಸ್ಸನ್ನೇ ಕ್ಲಾಸ್‌ರೂಮ್ ಮಾಡಿ ಓಡಿಸಿದ್ರು. ನಿಮ್ಮ ಶಾಲೆಗಳಲ್ಲಿ ಸಂಜೆ ಐದರ ಮೇಲೆ ಕ್ಲಾಸ್‌ರೂಮು ಖಾಲಿ. ಎರಡು ರೂಮು, ನವೆಂಬರಿಂದ ಮಾರ್ಚ್ ತನಕ, ಐದರಿಂದ ಏಳು. ಕನ್ನಡ ಓದು ಬರಹ ಮರೆಯದ ಹಾಗೆ, ಲೆಕ್ಕ ಅರ್ಧಕ್ಕೆ ನಿಲ್ಲದ ಹಾಗೆ, ಜೊತೆಗೆ ಇಲ್ಲಿನ ಮರಾಠಿ ನಾಲ್ಕು ಮಾತು. ಸೈಟಿಂದ ಮಕ್ಕಳನ್ನ ಕರ್ಕೊಂಡು ಬರೋಕೆ ಒಂದು ರಿಕ್ಷಾ, ಬಂದ ಕೂಡ್ಲೆ ತಿನ್ನೋಕೆ ಏನಾದ್ರೂ, ಯಾಕಂದ್ರೆ ಸಂಜೆ ಐದಕ್ಕೆ ಆ ಮಕ್ಕಳಿಗೆ ಹಸಿವು ಬಿಟ್ರೆ ಬೇರೆ ಏನೂ ನೆನಪಿರಲ್ಲ. ನಮ್ಮಲ್ಲಿ ಹೋಟೆಲಿನವ್ರು ಇಷ್ಟು ಜನ ಇದ್ದು ಇಪ್ಪತ್ತು ಮಕ್ಕಳಿಗೆ ಇಡ್ಲಿ ಸಿಗಲ್ಲ ಅಂದ್ರೆ ನಾನು ಒಪ್ಪಲ್ಲ. ರಿಟೈರ್ ಆದ ಮಾಸ್ಟ್ರುಗಳು ನಾವು ಬೇಕಾದಷ್ಟು ಜನ ಇದ್ದೀವಿ, ದುಡ್ಡು ಬೇಡ, ಲೋಕಲ್ ಪಾಸ್ ನಮ್ಮದೇ. ಕ್ಲಾಸಿನ ಹೊತ್ತು ಐದು ಅಂತ ಬರೆದೆ, ಅದೂ ತಪ್ಪಿರಬಹುದು, ಮೊದಲು ಸೈಟಿಗೆ ಹೋಗಿ ಅಲ್ಲಿನ ಪಾಳಿ ಎಷ್ಟೊತ್ತಿಗೆ ಮುಗಿಯತ್ತೆ, ದೊಡ್ಡ ಹುಡುಗಿಯರ ಕೈಗೆ ಕೂಸು ಯಾವಾಗ ಬರತ್ತೆ ಯಾವಾಗ ಬಿಡತ್ತೆ ಅಂತ ನೋಡಿ, ಆಮೇಲೆ ಬೋರ್ಡಿಗೆ ಹಚ್ಚಿ. ಕೂಸನ್ನೂ ಕರ್ಕೊಂಡು ಬಂದ್ರೆ ಬರಲಿ ಬಿಡಿ.

ಮೊನ್ನೆ ರಾತ್ರಿ ಆ ಹುಡುಗಿಯ ತಾಯಿ ಫೋನ್ ಮಾಡಿದ್ಲು. ಈ ಸಲ ಮೇಸ್ತ್ರಿ ಅವ್ರನ್ನ ತಳೋಜಾ ಕಡೆ ಸೈಟಿಗೆ ಕರ್ಕೊಂಡು ಹೋಗ್ತಾನಂತೆ, ಡೊಂಬಿವಲಿ ಅಲ್ಲ, ದೀಪಾವಳಿ ಮುಗಿದ ಮೇಲೆ ಬರೋದು. ಊರಿನ ಹೆಡ್‌ಮಾಸ್ಟ್ರು ಟಿಸಿ ಬದಲು ಒಂದು ಚೀಟಿ ಬರೆದು ಕೊಡ್ತೀನಿ ಅಂದಿದ್ದಾರೆ. ಹುಡುಗಿ ಫೋನ್ ಕಿತ್ಕೊಂಡು ಹನ್ನೆರಡರ ಮಗ್ಗಿ ಪೂರ್ತಿ ಹೇಳಿತು, ತಮ್ಮನಿಗೂ ಈಗ ಆರು ವರ್ಷ, ಅವನನ್ನೂ ಸೇರಿಸ್ಬೇಕು ತಾತ ಅಂತು.

ತಳೋಜಾ ಸುತ್ತಮುತ್ತಲ ಶಾಲೆಗಳ ಹೆಡ್‌ಮಾಸ್ಟ್ರುಗಳೇ, ಮೇಡಂಗಳೇ, ಅವ್ರು ಬಂದ ವಾರದ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಆ ಎರಡೂ ಮಕ್ಕಳನ್ನ ಕರ್ಕೊಂಡು ನಿಮ್ಮಲ್ಲಿ ಯಾರ ಗೇಟಿಗಾದ್ರೂ ಬರ್ತೀನಿ. ಚೀಟಿ ಇರತ್ತೆ, ಟೀಚರು ಕೈಯಲ್ಲಿ ಬರೆದ ಹಾಳೆ ಇರತ್ತೆ. ಅವತ್ತು ಕ್ಲಾಸಲ್ಲಿ ಎರಡು ಜಾಗ ಇಟ್ಟಿರಿ.

ಇಂತಿ ನಿಮ್ಮವ,
ಫೋರ್ಟಿನ ರಾತ್ರಿ ಶಾಲೆಯ ಹಳೇ ವಿದ್ಯಾರ್ಥಿ, ಹಳೇ ಮಾಸ್ಟ್ರು
ಡೊಂಬಿವಲಿ